ಒಂದೇ ಹೊಳೆ, ಎರಡು ಪರದೆ: ಡೊಂಬಿವಲಿಯಲ್ಲಿ ಕೂತು ನೋಡಿದ ಕನ್ನಡ, ಮರಾಠಿ ಸುದ್ದಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಟಿವಿಯಲ್ಲಿ ಮೂರು ಥರದ ಸುದ್ದಿ ಬರುತ್ತದೆ. ದೂರದರ್ಶನದ ಚಂದನ, ಬೆಂಗಳೂರಿನ ಖಾಸಗಿ ಚಾನೆಲ್‌ಗಳಾದ ಟಿವಿ9, ಪಬ್ಲಿಕ್ ಟಿವಿ, ಸುವರ್ಣ ನ್ಯೂಸ್, ಆಮೇಲೆ ಮರಾಠಿಯ ಝೀ 24 ತಾಸ್, ಎಬಿಪಿ ಮಾಝಾ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ ಬಂತು. 130 ರೂಪಾಯಿ, ಅದರ ಮೇಲೆ ತೆರಿಗೆ, ನೂರು ಚಾನೆಲ್ ನೀವೇ ಆರಿಸಿಕೊಳ್ಳಿ ಎಂದು ಕೇಬಲ್‌ನವನು ಒಂದು ಪಟ್ಟಿ ಕೈಗಿಟ್ಟು ಹೋದ. ಯಾವುದು ಇರಲಿ, ಯಾವುದು ಹೋಗಲಿ ಎಂಬ ಚರ್ಚೆ ಮನೆಯಲ್ಲಿ ಅಂದು ಶುರುವಾದದ್ದು ಇನ್ನೂ ಮುಗಿದಿಲ್ಲ. ನಾನು ಚಿಕ್ಕೋಡಿ ಕಡೆಯ ಹೊಳೆದಂಡೆಯ ಊರಿನವನು. ಹಾಗಾಗಿ ನಾನು ಚಾನೆಲ್ ಅಳೆಯುವುದು ಕೃಷ್ಣಾ ನದಿಯಿಂದ. ಬೆಂಗಳೂರಿನವರಿಗೆ, ಉಡುಪಿಯವರಿಗೆ ನನ್ನ ತೀರ್ಪು ಒಪ್ಪಿಗೆಯಾಗಲಿಕ್ಕಿಲ್ಲ.

ಮಳೆಗಾಲದ ಮಾತು ಮೊದಲು. ಜುಲೈ, ಆಗಸ್ಟ್‌ನಲ್ಲಿ ಮರಾಠಿ ಚಾನೆಲ್ ಹಚ್ಚಿದರೆ ಲೆಕ್ಕವೆಲ್ಲ ಅಡಿಯಲ್ಲಿ. ಕೊಲ್ಹಾಪುರದ ರಾಜಾರಾಮ್ ಬಂಧಾರದಲ್ಲಿ ಕೃಷ್ಣೆಯ ಉಪನದಿ ಪಂಚಗಂಗೆ 39 ಅಡಿಗೆ ಬಂದರೆ ಎಚ್ಚರಿಕೆ, 43ಕ್ಕೆ ಬಂದರೆ ಅಪಾಯ. ಸಾಂಗ್ಲಿಯ ಆಯರ್ವಿನ್ ಸೇತುವೆಯಲ್ಲಿ ಕೃಷ್ಣೆಗೆ ಅದೇ 40 ಮತ್ತು 45. ಕೊಯ್ನಾ ಅಣೆಕಟ್ಟೆಯ ಗೇಟು ಎಷ್ಟು ಎತ್ತಿದರು ಎನ್ನುವುದೂ ಸ್ಕ್ರಾಲ್‌ನಲ್ಲಿ ಓಡುತ್ತಿರುತ್ತದೆ. ಕನ್ನಡಕ್ಕೆ ಬಂದರೆ ಲೆಕ್ಕ ಕ್ಯುಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂದು, ಅದೂ ಹೊಳೆಯ ಕೆಳಗಡೆಯ ಆಲಮಟ್ಟಿ ಅಣೆಕಟ್ಟೆಯದು: ಒಳಹರಿವು ಎಷ್ಟು, ಹೊರಹರಿವು ಎಷ್ಟು, 519.60 ಮೀಟರ್ ತುಂಬಲು ಇನ್ನೆಷ್ಟು ಬೇಕು. ನಡುವೆ ಬರುವ ನಮ್ಮ ಸೀಮೆ ಇಬ್ಬರಿಗೂ ಅಷ್ಟಕ್ಕಷ್ಟೆ. ಕಲ್ಲೋಳ-ಯಡೂರು, ಮಲಿಕವಾಡ-ದತ್ತವಾಡ ಸೇತುವೆಗಳು ಮುಳುಗಿದ ಮೇಲೆ ಕನ್ನಡದಲ್ಲಿ ಒಂದು ಸಾಲು ಬರುತ್ತದೆ, ಅಷ್ಟೆ. ಊರಿಗೆ ಫೋನ್ ಹಚ್ಚಿ "ಪಂಪ್‌ಸೆಟ್ ಮ್ಯಾಲೆ ಎಳಕೋರಿ" ಎಂದು ಹೇಳುವಷ್ಟು ಮುಂಚೆ ಗೊತ್ತಾಗುವುದು ಮರಾಠಿ ಚಾನೆಲ್‌ನಿಂದ. ನೀರು ಮೇಲಿನಿಂದಲೇ ತಾನೆ ಬರುವುದು.

2019ರ ಆಗಸ್ಟ್‌ನಲ್ಲಿ ಪಂಚಗಂಗೆ 55 ಅಡಿ ದಾಟಿ, ಕೊಲ್ಹಾಪುರದ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತಲ್ಲ, ಆಗ ರಿಮೋಟಿಗೆ ಬಿಡುವೇ ಇರಲಿಲ್ಲ. ಮರಾಠಿಯಲ್ಲಿ ಪ್ರಶ್ನೆ, ಆಲಮಟ್ಟಿಯವರು ಇನ್ನೂ ನೀರು ಯಾಕೆ ಬಿಡುತ್ತಿಲ್ಲ? ಕನ್ನಡದಲ್ಲಿ ಪ್ರಶ್ನೆ, ಮಹಾರಾಷ್ಟ್ರದವರು ಇಷ್ಟು ನೀರು ಯಾಕೆ ಬಿಟ್ಟರು? ಆಲಮಟ್ಟಿಯಿಂದ ಹೊರಹರಿವು 5 ಲಕ್ಷ ಕ್ಯುಸೆಕ್ ಮೀರಿದ್ದು ಕನ್ನಡದಲ್ಲಿ ಅರ್ಧ ಪರದೆಯ ಅಕ್ಷರದಲ್ಲಿತ್ತು. ಮರಾಠಿಯಲ್ಲಿ ಅದನ್ನು ಹುಡುಕಬೇಕಿತ್ತು. ಮಹಾಬಳೇಶ್ವರದಲ್ಲಿ, ಕೊಯ್ನಾನಗರದಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು ಎಂಬುದಕ್ಕೆ ಮತ್ತೆ ಮರಾಠಿಗೇ ಹೋಗಬೇಕಿತ್ತು. ಆಲಮಟ್ಟಿಯನ್ನು 524.256 ಮೀಟರ್‌ಗೆ ಎತ್ತರಿಸುವ ಮಾತು ಬಂದಾಗಲೂ ಹೀಗೇ. ಕನ್ನಡದಲ್ಲಿ ನೀರಾವರಿ ಮತ್ತು ಮುಳುಗಡೆ ರೈತರ ಪರಿಹಾರ, ಮರಾಠಿಯಲ್ಲಿ ಸಾಂಗ್ಲಿ ಮುಳುಗುತ್ತದೆಂಬ ಭಯ. ಎರಡೂ ಕಡೆಯ ಎಂಜಿನಿಯರ್‌ಗಳನ್ನು ಒಂದೇ ಮೇಜಿಗೆ ಕೂರಿಸಿದ ಚರ್ಚೆಯನ್ನು ಯಾವ ಚಾನೆಲ್‌ನಲ್ಲೂ ನಾನಂತೂ ನೋಡಿಲ್ಲ.

ರಾಜಕೀಯಕ್ಕೆ ಬಂದರೆ ತಕ್ಕಡಿ ಬೇರೆ ಕಡೆ ವಾಲುತ್ತದೆ. 2019ರ ಜುಲೈ 10ರಂದು ಡಿ.ಕೆ. ಶಿವಕುಮಾರ್ ಕರ್ನಾಟಕದ ಬಂಡಾಯ ಶಾಸಕರನ್ನು ಕಾಣಲು ಮುಂಬೈನ ಪೊವಾಯಿಯ ಹೋಟೆಲ್ ಗೇಟಿನ ಮುಂದೆ ಮಳೆಯಲ್ಲಿ ನಿಂತರು. ನಮ್ಮ ಮನೆಯಿಂದ ಅದೇನು ದೂರವಲ್ಲ. ಆದರೂ ಮರಾಠಿ ಚಾನೆಲ್‌ಗಳಿಗೆ ಅದು ಪೊಲೀಸ್ ಬಂದೋಬಸ್ತು, 144ನೇ ಕಲಂನ ಸುದ್ದಿಯಾಗಿಯೇ ಹೆಚ್ಚು ಕಂಡಿತು. ಯಾವ ಶಾಸಕರ ರಾಜೀನಾಮೆ ಸ್ಪೀಕರ್ ಮುಂದೆ ಏನಾಯಿತು, ಅಂಗೀಕಾರವಾಗದಿದ್ದರೆ ಮುಂದೇನು ಎಂಬುದನ್ನೆಲ್ಲ ಬಿಡಿಸಿ ಹೇಳಿದ್ದು ಕನ್ನಡದವರು. ಗೇಟು, ಛತ್ರಿ, ಮತ್ತದೇ ಗೇಟು ಎಂದು ದಿನವಿಡೀ ತೋರಿಸಿದ್ದೂ ಅವರೇ. ಮುಂದೆ 2022ರ ಜೂನ್‌ನಲ್ಲಿ ಶಿವಸೇನೆಯ ಶಿಂದೆ ಬಣದ ಶಾಸಕರು ಸೂರತ್, ಅಲ್ಲಿಂದ ಗುವಾಹಟಿ ಸೇರಿದಾಗ ಪಾತ್ರ ಅದಲುಬದಲಾಯಿತು. ಗುವಾಹಟಿಯ ಗೇಟು ಮರಾಠಿಯವರ ಪಾಲಿಗೆ ಬಂತು. ಗೇಟು ತೋರಿಸುವುದರಲ್ಲಿ ಭಾಷಾಭೇದವಿಲ್ಲ.

ಗಡಿ ವಿಷಯಕ್ಕೆ ಎರಡನ್ನೂ ನೋಡಲೇಬೇಕು, ಒಂದನ್ನೇ ನೋಡಿದರೆ ಅಪಾಯ. 2022ರ ಡಿಸೆಂಬರ್ 6ರಂದು ಬೆಳಗಾವಿಯ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ನಾನು ನೋಡಿದಷ್ಟು ಹೊತ್ತು ಮರಾಠಿಯಲ್ಲಿ ಲಾರಿ ಮುಂದೆ, ಕನ್ನಡದಲ್ಲಿ ಬಸ್ಸು ಮುಂದೆ. ಬೆಳಿಗ್ಗೆ ನಮ್ಮ ಪಕ್ಕದ ಮನೆಯ ಕಾಕೂ ಲಾರಿಯ ಸಿಟ್ಟಿನಲ್ಲಿದ್ದರು, ನಾನು ಬಸ್ಸಿನ ಸಿಟ್ಟಿನಲ್ಲಿದ್ದೆ. ಚಹಾ ಮಾತ್ರ ಎಂದಿನಂತೆ ಅವರ ಮನೆಯಲ್ಲೇ ಆಯಿತು.

ಇನ್ನು ನಿರೂಪಣೆ. ಇಲ್ಲಿ ನನ್ನ ಮತ ಚಂದನಕ್ಕೆ, ಹಿಂಜರಿಕೆಯಿಲ್ಲದೆ. ವಾರ್ತೆ ಓದುವವರು ಓದುತ್ತಾರೆ, ಅಷ್ಟೆ. ಹಿಂದೆ ನಗಾರಿ ಇಲ್ಲ, ಪರದೆ ನಡುಗುವುದಿಲ್ಲ, ಊರಿನ ಹೆಸರು ತಪ್ಪುವುದಿಲ್ಲ. ರಾಯಚೂರಿನ ತೊಗರಿಯಿಂದ ಹಾಸನದ ಆನೆಯವರೆಗೆ ಜಿಲ್ಲೆಗಳ ಸುದ್ದಿಗೂ ಒಂದೊಂದು ನಿಮಿಷ ಸಿಗುತ್ತದೆ. ಕೊರತೆಯೂ ಎದ್ದು ಕಾಣುತ್ತದೆ: ಸರ್ಕಾರಿ ಕಾರ್ಯಕ್ರಮಗಳ ಉದ್ಘಾಟನೆಗೆ ಕೊಡುವ ಜಾಗ ಕಮ್ಮಿ ಮಾಡಿದರೆ ಇನ್ನೆರಡು ಜಿಲ್ಲೆ ಹಿಡಿಸಬಹುದು. ಖಾಸಗಿ ಚಾನೆಲ್‌ಗಳಲ್ಲಿ, ಕನ್ನಡವಿರಲಿ ಮರಾಠಿಯಿರಲಿ, ಸಂಜೆ ಏಳರ ಮೇಲೆ ಪರದೆ ಎಂಟು ಚೌಕವಾಗಿ ಒಡೆದು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರೆ ನಾನು ಟಿವಿಯ ದನಿ ಬಂದ್ ಮಾಡಿ ಸ್ಕ್ರಾಲ್ ಓದುತ್ತೇನೆ. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದು. ಸುದ್ದಿಯ ಚಿತ್ರವನ್ನೇ ಮೂಲೆಗೆ ಕುಗ್ಗಿಸಿ ಸುತ್ತ ಜಾಹೀರಾತು ಸುತ್ತುವುದನ್ನು ನೋಡಿದರೆ ಆ ಹನ್ನೆರಡನ್ನು ಹೇಗೆ ಎಣಿಸುತ್ತಾರೋ. ಪಬ್ಲಿಕ್ ಟಿವಿಯ ಬಿಗ್ ಬುಲೆಟಿನ್‌ನಲ್ಲಿ ರಂಗನಾಥ್ ಎದುರಿಗೆ ಕೂತವನೊಡನೆ ಹರಟಿದಂತೆ ಮಾತಾಡುತ್ತಾರೆ. ಸುದ್ದಿ ಎಲ್ಲಿ ಮುಗಿದು ಅಭಿಪ್ರಾಯ ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸುವ ಕೆಲಸ ನೋಡುವವನದು. ನಮ್ಮ ಮಾವನಿಗೆ ಆ ಕೆಲಸವೇ ಇಷ್ಟ. ರಾತ್ರಿ ಊಟದ ತಟ್ಟೆ ಹಿಡಿದು ಅದರ ಮುಂದೆ ಕೂರುತ್ತಾರೆ.

ಮುಂಬೈ ಮಳೆ, ಲೋಕಲ್ ರೈಲು, ಹಿಂದಮಾತಾ ಚೌಕದಲ್ಲಿ ನಿಲ್ಲುವ ನೀರು, ಸಮುದ್ರದ ಭರತಿ, ಇವಕ್ಕೆಲ್ಲ ಮರಾಠಿಯೇ. ಹೋಲಿಕೆಯ ಪ್ರಶ್ನೆಯೇ ಇಲ್ಲ.

ಮತ ಎಣಿಕೆಯ ದಿನ ಮಾತ್ರ ಮೂರೂ ಬೇಕಾಗುತ್ತವೆ. 2023ರ ಮೇ 13ರಂದು ಬೆಂಗಳೂರಿನ ಚಾನೆಲ್‌ಗಳು ಚುನಾವಣಾ ಆಯೋಗದ ಜಾಲತಾಣಕ್ಕಿಂತ ಮುಂದೆ ಓಡುತ್ತಿದ್ದವು, ಒಂದರ ಅಂಕಿ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕಾಂಗ್ರೆಸ್ 135ಕ್ಕೆ ನಿಲ್ಲುವ ಹೊತ್ತಿಗೆ ಎಲ್ಲರೂ ಒಂದಾದರು ಅನ್ನಿ. ವರುಣಾ, ಕನಕಪುರಗಳ ನಡುವೆ ನಮ್ಮ ಕಡೆಯ ನಿಪ್ಪಾಣಿ ಕಾಣುತ್ತಲೇ ಇರಲಿಲ್ಲ. ಅಲ್ಲಿ ಬಿಜೆಪಿಯ ಶಶಿಕಲಾ ಜೊಲ್ಲೆ ಎದುರು ಪೈಪೋಟಿ ಕೊಟ್ಟವರು ಮಹಾರಾಷ್ಟ್ರದ ಪಕ್ಷ ಎನ್‌ಸಿಪಿಯವರು. ಹಾಗಾಗಿ ನಿಪ್ಪಾಣಿಯ ಸುದ್ದಿಗೆ ನಾನು ಮತ್ತೆ ಮರಾಠಿ ಚಾನೆಲ್ ಹಾಕಿದೆ.

ಕರಾವಳಿಯವರ ಫಜೀತಿ ಇನ್ನೊಂದು. ಮೇಲಿನ ಮಹಡಿಯಲ್ಲಿ ಕಾಪು ಕಡೆಯ ಶೆಟ್ಟರಿದ್ದಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅವರು ದಿನಗಟ್ಟಲೆ ನೋಡಿದ್ದು ಮಲಯಾಳಂ ಚಾನೆಲ್. ಸಿಕ್ಕಿಬಿದ್ದ ಲಾರಿಯ ಚಾಲಕ ಕೇರಳದವನಾದ್ದರಿಂದ ಅಲ್ಲಿಯವರು ಬಿಡಾರ ಹೂಡಿ ಬಿಟ್ಟೂಬಿಡದೆ ತೋರಿಸುತ್ತಿದ್ದರು. ಶೆಟ್ಟರಿಗೆ ಭಾಷೆ ತಿಳಿಯದು. ಆದರೂ ಗಂಗಾವಳಿ ನದಿಯಲ್ಲಿ ಎಲ್ಲಿ ಹುಡುಕುತ್ತಿದ್ದಾರೆ, ಹೆದ್ದಾರಿಯ ಮಣ್ಣು ಎಷ್ಟು ತೆಗೆದಾಯಿತು ಎಂಬುದು ಚಿತ್ರದಲ್ಲೇ ಕಾಣುತ್ತಿತ್ತು. ಉಡುಪಿ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ತಿಳಿಯಲು ಮಾತ್ರ ಬಸ್ಸಿನ ಏಜೆಂಟನಿಗೇ ಫೋನ್ ಮಾಡಬೇಕಾಯಿತು.