ಕಲಬುರಗಿಯ ಆಫೀಸ್ ಸ್ಯಾನಿಟೈಸ್ ಸೇವೆ: ಒರೆಸೋದು ಚೆನ್ನ, ಹೊಗೆ ದಂಡ

ತಿಂಗಳುಗಟ್ಟಲೆ ಮುಚ್ಚಿದ್ದು ಮತ್ತೆ ಬಾಗಿಲು ತೆರೆಯುವ ಆಫೀಸುಗಳಿಗೆ ಈ ಸೇವೆಯಲ್ಲಿ ದುಡ್ಡಿಗೆ ತಕ್ಕ ಕೆಲಸ ಅಂದರೆ ಒರೆಸುವುದೇ. ಮೊದಲು ಸೋಪಿನ ನೀರಲ್ಲಿ ಕೊಳೆ ತೆಗೆದು, ಆಮೇಲೆ ಶೇ. 1ರ ಹೈಪೋಕ್ಲೋರೈಟ್ (ಹೈಪೋ, ಅಂದರೆ ಬ್ಲೀಚ್ ದ್ರಾವಣ) ಹಚ್ಚಿ 10 ನಿಮಿಷ ಹಸಿಯಾಗಿಯೇ ಬಿಡುತ್ತಾರೆ. ಇದಕ್ಕೆ ಶೇ. 5ರ ದ್ರಾವಣ 1 ಲೀಟರಿಗೆ 4 ಲೀಟರ್ ನೀರು ಬೆರೆಸಬೇಕು. ನಮ್ಮ ಬಿಸಿಲಿಗೆ ಕ್ಯಾನಿನಲ್ಲೇ ಅದರ ಸತ್ವ ಇಳಿಯುತ್ತದೆ, ಅಂದಂದೇ ಕಲಸಿದ್ದನ್ನೇ ಕೇಳಿ. ಬಾಗಿಲ ಹಿಡಿಕೆಗೆ ಶೇ. 70ರ ಆಲ್ಕೋಹಾಲ್ ಬಳಸುವುದು ಸರಿ. ಹೈಪೋ ಲೋಹವನ್ನು ತಿನ್ನುತ್ತದೆ.

ಫಾಗಿಂಗ್, ಅಂದರೆ ಯಂತ್ರದಿಂದ ಔಷಧಿಯನ್ನು ಹೊಗೆಯಂತೆ ಬಿಡುವುದು, ಮಾತ್ರ ಬರೀ ಶೋ. ಧೂಳು ಕೂತ ಮೇಜಿಗೆ ಹೊಗೆ ಬಿಟ್ಟರೆ ಏನು ಬಂತು? ಶೌಚಾಲಯಕ್ಕೆ ಆ್ಯಸಿಡ್ ತಂದರೆ ತಡೆಯಿರಿ: ಹೈಪೋ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶಹಾಬಾದ್ ಕಲ್ಲಿನ ನೆಲವೂ ಹಾಳು. ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ನೀರು ಪ್ಯಾಕೇಜಿನಲ್ಲಿಲ್ಲ. ಅದನ್ನು ನೀವೇ ಖಾಲಿ ಮಾಡಿಸಿ.