ಸಿನಿಮಾ ನಿಮ್ಮದು, ಫೂಟೇಜ್ ಯಾರ ಹತ್ತಿರ ಇದೆ?

ಸ್ವಂತ ದುಡ್ಡು ಹಾಕಿ ಸಣ್ಣದಾಗಿ ಸಿನಿಮಾ ಮಾಡಲು ಹೊರಟಿರುವ ಮೈಸೂರು, ಮಂಡ್ಯ ಕಡೆಯ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. "ಕ್ಯಾಮೆರಾದಿಂದ ಹಿಡಿದು ಥಿಯೇಟರ್ ಕಾಪಿ ತನಕ ಎಲ್ಲ ನಮ್ಮದೇ, ನೀವು ಕಥೆ ತನ್ನಿ ಸಾಕು" ಎಂದು ಯಾರಾದರೂ ಪ್ಯಾಕೇಜ್ ಹೇಳಿದರೆ, ಅಡ್ವಾನ್ಸ್ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ. ಆ ದಿನ ಶೂಟ್ ಮಾಡಿದ್ದರ ಪೂರ್ತಿ ಕಾಪಿ ಅದೇ ರಾತ್ರಿ ನಮ್ಮ ಕೈಗೆ ಸಿಗುತ್ತದಾ? "ಸಿಗುತ್ತೆ" ಎಂದು ನೇರವಾಗಿ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ. ದರ ಎಷ್ಟೇ ಕಡಿಮೆ ಇರಲಿ.

ನಮಗೆ ಆಗಿದ್ದು ಇದು. ಮಂಡ್ಯ ಹತ್ತಿರದ ಒಂದು ಆಲೆಮನೆಯಲ್ಲಿ ನಡೆಯುವ ಕಥೆ, ಒಂದೂಕಾಲು ಗಂಟೆಯ ಸಿನಿಮಾ. ಗೆಳೆಯರು ಸೇರಿ ದುಡ್ಡು ಹಾಕಿದ್ದೆವು. ಒಬ್ಬರಂತೂ ಪಿಎಫ್ ಬಿಡಿಸಿ ತಂದಿದ್ದರು. ನಟರಲ್ಲಿ ಅರ್ಧ ಜನ ಮೈಸೂರಿನ ಹವ್ಯಾಸಿ ನಾಟಕ ತಂಡಗಳವರು, ಉಳಿದವರು ಊರಿನವರೇ. ಮೈಸೂರಿನ ಒಂದು ಸ್ಟುಡಿಯೋ ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿತು: ಕ್ಯಾಮೆರಾ, ಲೆನ್ಸ್, ಲೈಟು, ಸೌಂಡ್, ಎಡಿಟಿಂಗ್, ಡಿಐ (ಬಣ್ಣ ಸರಿಮಾಡುವ ಕೆಲಸ), ಡಬ್ಬಿಂಗ್. ಬೆಂಗಳೂರಿಗೆ ಓಡಾಡುವುದು ತಪ್ಪುತ್ತದೆ, ಎಲ್ಲ ಒಂದೇ ಸೂರಿನಡಿ ಆಗುತ್ತದೆ ಅನ್ನಿಸಿತು. ಸ್ಟುಡಿಯೋ ಹೆಸರು ಇಲ್ಲಿ ಬರೆಯುತ್ತಿಲ್ಲ. ವಿಷಯ ವಕೀಲರ ಹತ್ತಿರ ಇದೆ. ಅದಲ್ಲದೆ ಇದೇ ರೀತಿ ಕೆಲಸ ಮಾಡುವವರು ಇನ್ನೂ ಇದ್ದಾರೆ ಎಂದು ಆಮೇಲೆ ಬೇರೆ ಹುಡುಗರಿಂದ ಕೇಳಿ ಗೊತ್ತಾಯಿತು.

ಎಲ್ಲ ಶುರುವಾಗಿದ್ದು ಕಾರ್ಡಿನಿಂದ. ಕ್ಯಾಮೆರಾ ಜೊತೆ ಮೆಮೊರಿ ಕಾರ್ಡೂ ಅವರದೇ, ಬಾಡಿಗೆಯದು. ಎರಡೇ ಕಾರ್ಡು. ಒಂದು ತುಂಬಿದ ಕೂಡಲೇ ಅವರ ಕಡೆಯ ಹುಡುಗ ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಅವರ ಹಾರ್ಡ್ ಡಿಸ್ಕಿಗೆ ಇಳಿಸಿ, ಫಾರ್ಮ್ಯಾಟ್ ಮಾಡಿ ವಾಪಸ್ ಕೊಡುತ್ತಿದ್ದ. ನಾವು ಹೊಸ ಡಿಸ್ಕ್ ತಂದು ಮೊದಲ ದಿನವೇ ಅವನ ಮುಂದೆ ಇಟ್ಟೆವು. "ಅಣ್ಣಾ, ಎರಡೂ ಕಡೆ ಹಾಕಿದ್ರೆ ಲೇಟಾಗುತ್ತೆ, ಕಾರ್ಡ್ ಬೇಕು ಅಂತ ಕ್ಯಾಮೆರಾದವ್ರು ಕೂಗ್ತಾವ್ರೆ, ರಾತ್ರಿ ಸ್ಟುಡಿಯೋದಲ್ಲಿ ಹಾಕ್ಕೊಡ್ತೀನಿ" ಅಂದ. ರಾತ್ರಿ ಸ್ಟುಡಿಯೋ ಬಾಗಿಲು ಹಾಕಿತ್ತು. ಮಾರನೇ ದಿನ ಕೇಳಿದರೆ ನಾಳೆ. ಮಾಲೀಕರಿಗೆ ಫೋನ್ ಮಾಡಿದರೆ, "ಬ್ರದರ್, ನಮ್ಮ ಹತ್ರ ಸೇಫಾಗಿರುತ್ತೆ, ನೀವು ಸೀನ್ ಕಡೆ ಗಮನ ಕೊಡಿ." ಜೋರು ಮಾಡಿದರೆ ಮರುದಿನ ಕ್ಯಾಮೆರಾ ಬರುವುದಿಲ್ಲ. ಕಬ್ಬು ಕಡಿದು ತಂದಾಗಿದೆ, ಗಾಣ ನಮಗೋಸ್ಕರ ಕಾಯುವುದಿಲ್ಲ. ಇದೆಲ್ಲ ಅವರಿಗೂ ಚೆನ್ನಾಗಿ ಗೊತ್ತಿತ್ತು.

ಹಿಂದೆ ರೀಲಿನ ಕಾಲದಲ್ಲಿ ನೆಗೆಟಿವ್ ಲ್ಯಾಬಿನಲ್ಲೇ ಇರುತ್ತಿತ್ತು. ಬೇರೆ ದಾರಿ ಇರಲಿಲ್ಲ. 35 ಎಂಎಂನ 1000 ಅಡಿ ರೀಲು ಸುಮಾರು 11 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಅದನ್ನು ತೊಳೆಯುವುದು, ಪ್ರಿಂಟ್ ಹಾಕುವುದು ಎಲ್ಲ ಲ್ಯಾಬಿನ ಕೆಲಸ. ಈಗ ಹಾಗಿಲ್ಲ ಅಲ್ವಾ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದ ಮೇಲೆ ಫೋಟೋ ಕ್ಯಾಮೆರಾದಲ್ಲೇ ಸಿನಿಮಾ ತೆಗೆಯುವುದು ನಮ್ಮಂಥವರ ಕೈಗೂ ಬಂತು. ಈಗಿನ ಕ್ಯಾಮೆರಾದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ 4ಕೆ ತೆಗೆದರೆ ಗಂಟೆಗೆ ಸುಮಾರು 45 ಜಿಬಿ. 1 ಟಿಬಿ ಡಿಸ್ಕಿನಲ್ಲಿ 20 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಸೌಂಡ್ ಇನ್ನೂ ಕಡಿಮೆ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ಆದರೆ ಗಂಟೆಗೆ 1 ಜಿಬಿ ಆಸುಪಾಸು, ಒಂದು ಪೆನ್ ಡ್ರೈವ್ ಸಾಕು. ಹಾಗಾಗಿ "ಜಾಗ ಸಾಲಲ್ಲ, ಟೈಮ್ ಇಲ್ಲ" ಅನ್ನುವುದು ಸುಮ್ನೆ ನೆಪ. ಕಾಪಿ ಕೊಡದೇ ಇರುವುದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ.

ಶೂಟಿಂಗ್ ಮುಗಿದ ಮೇಲೆ ನಿಜವಾದ ಕಾರಣ ಹೊರಗೆ ಬಂತು. ಒಪ್ಪಿದ ಮೊತ್ತದಲ್ಲಿ ಹೆಚ್ಚಿನದ್ದು ಕೊಟ್ಟಾಗಿತ್ತು. ಆಗ ಒಂದು ಹೊಸ ಬಿಲ್ಲು ಬಂತು. 'ಡೇಟಾ ಚಾರ್ಜ್' ಅಂತ ಒಂದು, 4ಕೆ ಎಡಿಟಿಂಗಿಗೆ ಎಕ್ಸ್‌ಟ್ರಾ ಅಂತ ಇನ್ನೊಂದು, ಎರಡೂ ಸೇರಿ 85,000 ರೂಪಾಯಿ. ಮಾತುಕತೆಯಲ್ಲಿ ಎಲ್ಲೂ ಬಂದಿರದ ಬಾಬತ್ತುಗಳು. ಅದು ಕೊಡುವ ತನಕ ಫೂಟೇಜ್ ಇಲ್ಲ. ನಾವು ಒಪ್ಪದೇ ಇದ್ದಾಗ ಮಾಲೀಕರು ಕೂರಿಸಿ, ಟೀ ತರಿಸಿ, ತುಂಬ ಪ್ರೀತಿಯಿಂದ ಇನ್ನೊಂದು ಮಾತು ಹೇಳಿದರು. "ಬಾಕಿ ಬಿಟ್ಟುಬಿಡಿ ಬ್ರದರ್. ಸಹನಿರ್ಮಾಪಕರು ಅಂತ ನಮ್ಮ ಹೆಸರು ಹಾಕಿ, ಒಟಿಟಿ ಹಕ್ಕು ನಮಗೆ ಬರ್ಕೊಡಿ. ಎಲ್ಲಾ ನಾವೇ ಮುಗಿಸ್ತೀವಿ." ಛಾಪಾ ಕಾಗದ ಮೇಜಿನ ಮೇಲೆ ರೆಡಿಯಾಗಿಯೇ ಇತ್ತು. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲ್ಲಿನಿಂದ ಗುರುತು ಸಹ ಮಾಡಿದ್ದರು. ಫೂಟೇಜ್ ತಡೆದಿದ್ದು ಯಾಕೆ ಅಂತ ನನಗೆ ಅರ್ಥವಾಗಿದ್ದು ಆ ಗುರುತು ನೋಡಿದಾಗ.

ನಾವು ಸಹಿ ಹಾಕಲಿಲ್ಲ. ವಕೀಲರಿಂದ ಫೋನ್ ಮಾಡಿಸಿದ ಮೇಲೆ ನಮ್ಮ ಡಿಸ್ಕನ್ನೇ ತುಂಬಿಸಿ ಕಳಿಸಿದರು. "ಎಲ್ಲ ಇದೆ, ನೋಡ್ಕೊಳಿ" ಅಂದರು. ತೆರೆದು ನೋಡಿದರೆ ಎಲ್ಲ ಸೀನೂ ಓಡುತ್ತಿದ್ದವು. ಮೊಬೈಲಿನಲ್ಲಿ ನೋಡಿದವರು ಚೆನ್ನಾಗಿದೆ ಅಂದರು. ಅನುಮಾನ ಬಂದಿದ್ದು ಫೈಲಿನ ಸೈಜ್ ನೋಡಿ. 100 ಮೆಗಾಬಿಟ್ಟಿನಲ್ಲಿ ತೆಗೆದ ಒಂದು ನಿಮಿಷ ಸುಮಾರು 750 ಎಂಬಿ ಇರಬೇಕು. ಇಲ್ಲಿ 60 ಎಂಬಿ ಇತ್ತು. ಹೆಸರುಗಳೂ ಬೇರೆ. ನಾವು ಶೂಟ್ ಮಾಡಿದ್ದು ಸೋನಿ ಕ್ಯಾಮೆರಾದಲ್ಲಿ. ಅದು ತಾನೇ ಸಿ0001, ಸಿ0002 ಅಂತ ಹೆಸರು ಕೊಡುತ್ತದೆ. ಪ್ರತಿ ಕ್ಲಿಪ್ಪಿನ ಜೊತೆ ಒಂದು ಸಣ್ಣ ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಎಲ್ಲ ಎಂ4ರೂಟ್ ಎನ್ನುವ ಫೋಲ್ಡರಿನ ಒಳಗೆ ಕೂತಿರುತ್ತದೆ. ನಮಗೆ ಬಂದ ಡಿಸ್ಕಿನಲ್ಲಿ ಆ ಫೋಲ್ಡರೇ ಇರಲಿಲ್ಲ. ಅವರು ಕೊಟ್ಟಿದ್ದು ಪ್ರಾಕ್ಸಿ. ಎಡಿಟಿಂಗ್ ಮಾಡುವಾಗ ಕಂಪ್ಯೂಟರ್ ನಿಧಾನ ಆಗದಿರಲಿ ಎಂದು ಮಾಡಿಕೊಳ್ಳುವ ಹಗುರ ಕಾಪಿ. ಅದರಲ್ಲಿ ಬಣ್ಣ ಸರಿಮಾಡಲು ಹೋದರೆ ಆಕಾಶ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಕತ್ತಲ ಜಾಗದಲ್ಲಿ ಚೌಕ ಚೌಕ ಕಾಣುತ್ತದೆ. ಥಿಯೇಟರ್ ಪರದೆ ಮೇಲೆ ಹಾಕಲು ಬರುವುದಿಲ್ಲ.

ನಿಮಗೆ ಯಾರಾದರೂ ಡಿಸ್ಕ್ ಕೊಟ್ಟರೆ ವಿಡಿಯೋ ಓಡಿಸಿ ನೋಡಿ ಸುಮ್ಮನಾಗಬೇಡಿ. ಸೈಜ್ ನೋಡಿ, ಹೆಸರು ನೋಡಿ, ಫೋಲ್ಡರ್ ನೋಡಿ.

ಮತ್ತೆ ಬೆನ್ನು ಹತ್ತಿದ ಮೇಲೆ ಒರಿಜಿನಲ್ ಸಿಕ್ಕಿತು, ಆದರೆ ಪೂರ್ತಿ ಸಿಗಲಿಲ್ಲ. ಅವರ ಒಂದು ಡಿಸ್ಕ್ ಕೆಳಗೆ ಬಿದ್ದು ಹಾಳಾಗಿತ್ತಂತೆ. ಅದರ ಇನ್ನೊಂದು ಕಾಪಿ ಅವರ ಹತ್ತಿರವೂ ಇರಲಿಲ್ಲ. "ಸೇಫಾಗಿರುತ್ತೆ" ಅಂದಿದ್ದು ಒಂದೇ ಒಂದು ಡಿಸ್ಕನ್ನು ನಂಬಿಕೊಂಡು. ಅದರಲ್ಲಿ ಹೋಗಿದ್ದು ಆಲೆಮನೆಯ ಒಳಗಿನ ರಾತ್ರಿ ದೃಶ್ಯ. ಅಲ್ಲಿ ನಟಿಸಿದವರು ನಟರಲ್ಲ, ಜೀವನಪೂರ್ತಿ ಪಾಕ ಕಾಯಿಸಿದ ಹಿರಿಯರು. ಕೊಪ್ಪರಿಗೆಯಿಂದ ಒಂದು ತೊಟ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, "ಇನ್ನೊಂದು ಗಳಿಗೆ ಬುಡು" ಅಂತ ಉರಿ ಹಾಕುವವನಿಗೆ ಹೇಳುತ್ತಾರೆ. ಆಮೇಲೆ ಎಲ್ಲರೂ ಸೇರಿ ಕೊಪ್ಪರಿಗೆ ಇಳಿಸುತ್ತಾರೆ. ಹಬೆಯಲ್ಲಿ ಅವರ ಮುಖ ಒಮ್ಮೆ ಮುಚ್ಚಿ ಒಮ್ಮೆ ಕಾಣುತ್ತದೆ. ನಾವು ಅವರಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಆ ಆಲೆಮನೆ ಈಗ ನಿಂತುಹೋಗಿದೆ. ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಕ್ಯಾಮೆರಾ ಅಗ್ಗವಾಗಿದೆ ನಿಜ. ಅದರ ಮುಂದೆ ನಿಂತ ಜನರ ರಾತ್ರಿ ಅಗ್ಗವಲ್ಲ. ನನಗೆ ಈಗಲೂ ಸಿಟ್ಟು ಬರುವುದು ಆ 85,000ಕ್ಕಲ್ಲ, ಇದಕ್ಕೆ.

ಕಾನೂನಿನ ವಿಷಯ ನಮ್ಮ ವಕೀಲರು ಹೇಳಿದ್ದನ್ನು ನಿಮಗೂ ಹೇಳಲೇಬೇಕು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕರು. ಸಿನಿಮಾ ಮಾಡಲು ಮುಂದಾಗಿ ಜವಾಬ್ದಾರಿ ಹೊತ್ತವರೇ ನಿರ್ಮಾಪಕರು. ಕ್ಯಾಮೆರಾ ಬಾಡಿಗೆ ಕೊಟ್ಟ ಮಾತ್ರಕ್ಕೆ, ಎಡಿಟ್ ಮಾಡಿದ ಮಾತ್ರಕ್ಕೆ ಯಾರಿಗೂ ಹಕ್ಕು ಬರುವುದಿಲ್ಲ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ನೀವು ಬರೆದು ಸಹಿ ಹಾಕಿರಬೇಕು. ಅದಕ್ಕೇ ಆ ಛಾಪಾ ಕಾಗದ ಅವರಿಗೆ ಅಷ್ಟು ಮುಖ್ಯ.

ಇನ್ನೊಂದು ಕಡೆ ಕಾನೂನು ಅವರಿಗೂ ಒಂದು ಹಿಡಿತ ಕೊಡುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ನೀವು ನಿಮ್ಮ ಡಿಸ್ಕ್ ಕೊಟ್ಟು ಕೆಲಸ ಮಾಡಿಸಿದರೆ, ಆ ಕೆಲಸದ ದುಡ್ಡು ಸಿಗುವ ತನಕ ಡಿಸ್ಕನ್ನು ಇಟ್ಟುಕೊಳ್ಳಲು 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನಲ್ಲಿ ಅವಕಾಶ ಇದೆ. ಆದರೆ ಇಬ್ಬರ ನಡುವೆ ಬೇರೆ ಥರ ಒಪ್ಪಂದ ಇದ್ದರೆ ಆ ಅವಕಾಶ ಇಲ್ಲ ಅಂತಲೂ ಅದೇ ಕಲಮು ಹೇಳುತ್ತದೆ. ಹಾಗಾಗಿ ಒಪ್ಪಂದದಲ್ಲಿ ಈ ಮಾತು ಇರಲೇಬೇಕು: "ಚಿತ್ರೀಕರಿಸಿದ ಎಲ್ಲ ಮೂಲ ದೃಶ್ಯ ಮತ್ತು ಧ್ವನಿ ಫೈಲುಗಳು ನಿರ್ಮಾಪಕರ ಸ್ವತ್ತು. ಅವುಗಳ ಪೂರ್ತಿ ಕಾಪಿಯನ್ನು ಆಯಾ ದಿನವೇ ನಿರ್ಮಾಪಕರಿಗೆ ಕೊಡಬೇಕು. ಯಾವುದೇ ಬಾಕಿಯ ಕಾರಣಕ್ಕೆ ಅವುಗಳನ್ನು ತಡೆಹಿಡಿಯುವಂತಿಲ್ಲ." ಮೊದಲು ನಿಮ್ಮ ವಕೀಲರಿಗೆ ತೋರಿಸಿ, ಆಮೇಲೆ ಸ್ಟುಡಿಯೋಗೆ ಕೊಡಿ. ಇದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುವವರ ಜೊತೆ ಕೆಲಸ ಬೇಡ.

ಸೆಟ್ಟಿನಲ್ಲಿ ಏನು ಮಾಡಬೇಕು? ಕಾರ್ಡ್ ನಿಮ್ಮದೇ ಕೊಂಡುಕೊಳ್ಳಿ. ಕೊಂಡ ಕಾರ್ಡನ್ನು ಶೂಟಿಂಗಿಗೆ ಮುಂಚೆ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ. ನಕಲಿ ಕಾರ್ಡುಗಳು 128 ಜಿಬಿ ಅಂತ ತೋರಿಸುತ್ತವೆ, ಒಳಗೆ ಅಷ್ಟು ಜಾಗವೇ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ಸಾಫ್ಟ್‌ವೇರುಗಳು ಇದನ್ನು ಪತ್ತೆ ಮಾಡುತ್ತವೆ. ನಿಮ್ಮ ತಂಡದಲ್ಲೇ ಒಬ್ಬರಿಗೆ ಕಾಪಿ ಮಾಡುವ ಕೆಲಸ ವಹಿಸಿ, ಅವರಿಗೆ ಬೇರೆ ಕೆಲಸ ಹೇಳಬೇಡಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಕ್ಲೋನ್ ಟೂಲ್ ಇದೆ. ಅದು ಕಾಪಿ ಮಾಡಿದ ಮೇಲೆ ಎರಡೂ ಕಡೆ ತಾಳೆ ನೋಡುತ್ತದೆ. ಎರಡು ಬೇರೆ ಬೇರೆ ಡಿಸ್ಕಿಗೆ ಹಾಕಿ, ತಾಳೆಯಾಗುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಲು ಬಿಡಬೇಡಿ. ರಾತ್ರಿ ಎರಡೂ ಡಿಸ್ಕ್ ಒಂದೇ ಬ್ಯಾಗಿನಲ್ಲಿ ಹೋಗಬಾರದು. ಒಂದು ಮಂಡ್ಯದಲ್ಲಿ ಉಳಿದರೆ ಇನ್ನೊಂದು ಮೈಸೂರಿಗೆ ಹೋಗಲಿ. ಸ್ಟುಡಿಯೋಗೆ ಕೊಡುವುದು ಮೂರನೇ ಕಾಪಿ.

ಥಿಯೇಟರ್ ಕಾಪಿ ವಿಷಯದಲ್ಲೂ ಇದೇ ಆಟ ನಡೆಯಬಹುದು. ಥಿಯೇಟರಿಗೆ ಕೊಡುವ ಡಿಜಿಟಲ್ ಕಾಪಿಗೆ ಡಿಸಿಪಿ ಅನ್ನುತ್ತಾರೆ. ಅದನ್ನು ಎನ್‌ಕ್ರಿಪ್ಟ್ ಮಾಡಿದರೆ, ಅಂದರೆ ಬೀಗ ಹಾಕಿದರೆ, ಪ್ರತಿ ಥಿಯೇಟರಿಗೂ ಕೆಡಿಎಂ ಎಂಬ ಕೀ ಬೇಕು. ಆ ಕೀ ಮಾಡುವ ಅಧಿಕಾರ ಸ್ಟುಡಿಯೋ ಹತ್ತಿರವೇ ಉಳಿದರೆ, ನಿಮ್ಮ ಸಿನಿಮಾ ಎಲ್ಲಿ, ಯಾವಾಗ ಓಡಬೇಕು ಅಂತ ಅವರೇ ಹೇಳಿದಂತೆ. ಹಾಗಾಗಿ ಎನ್‌ಕ್ರಿಪ್ಟ್ ಮಾಡದ ಡಿಸಿಪಿಯನ್ನೂ ಕೇಳಿ ತೆಗೆದುಕೊಳ್ಳಿ. ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮನೆ ಕಂಪ್ಯೂಟರಿನಲ್ಲೇ ಮಾಡಿಕೊಳ್ಳಬಹುದು. ಸೆನ್ಸಾರ್ ಅರ್ಜಿ ಹಾಕುವ ಇ-ಸಿನೆಪ್ರಮಾಣ್ ಖಾತೆಯೂ ನಿಮ್ಮ ಹೆಸರಿನಲ್ಲೇ, ನಿಮ್ಮ ಫೋನ್ ನಂಬರಿನಲ್ಲೇ ಇರಲಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಫೋನಿನಲ್ಲಿ ಮಾತಾಡುವುದು ನಿಲ್ಲಿಸಿ. ಎಲ್ಲ ವಾಟ್ಸಾಪ್ ಅಥವಾ ಇಮೇಲಿನಲ್ಲಿ ಬರಹದಲ್ಲೇ ಆಗಲಿ. ದುಡ್ಡು ಕೊಡಬೇಕಾಗಿ ಬಂದರೆ ಬ್ಯಾಂಕ್ ಮೂಲಕವೇ ಕೊಡಿ, ಯಾವುದರ ಬಾಬ್ತು ಎಂದು ಬರೆಸಿಕೊಳ್ಳಿ. ಪ್ರತಿ ದಿನದ ಕಾಲ್ ಶೀಟ್, ಕ್ಲ್ಯಾಪ್ ನಂಬರ್ ಬರೆದ ಪುಸ್ತಕ, ನಟರು ಸೆಟ್ಟಿನಲ್ಲಿ ತೆಗೆದ ಫೋಟೋ ಎಲ್ಲ ಒಟ್ಟುಮಾಡಿ. ಏನೇನು ಶೂಟ್ ಆಗಿತ್ತು ಅನ್ನುವುದಕ್ಕೆ ನಮ್ಮ ಹತ್ತಿರ ಸಾಕ್ಷಿಯಾಗಿ ಉಳಿದಿದ್ದು ಅಸಿಸ್ಟೆಂಟ್ ಹುಡುಗಿ ಬರೆದಿಟ್ಟ ಆ ಪುಸ್ತಕ ಒಂದೇ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಗ್ರಾಹಕ ಕಾಯ್ದೆಯಲ್ಲಿ ಬರುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಪಡೆದಿದ್ದರೆ ಮಾತ್ರ ವಿನಾಯಿತಿ ಇದೆ. ನಿಮ್ಮದು ಯಾವುದರಲ್ಲಿ ಬರುತ್ತದೆ ಅಂತ ವಕೀಲರನ್ನು ಮೊದಲೇ ಕೇಳಿ. ಫೂಟೇಜ್ ವಾಪಸ್ ಬಂದ ದಿನ ಸಹಿ ಮಾಡುವ ಮುಂಚೆ ಆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಕ್ಲಿಪ್ ಗುರುತು ಹಾಕಿ. ಬರದೇ ಇರುವ ಕ್ಲಿಪ್ಪುಗಳ ಪಟ್ಟಿಯನ್ನು ರಸೀದಿಯ ಮೇಲೇ ಬರೆದು ಅವರ ಸಹಿಯನ್ನೂ ಹಾಕಿಸಿಕೊಳ್ಳಿ.