ಜೈಸಲ್ಮೇರ್ ಟೆಂಟ್ ಪ್ಯಾಕೇಜ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಡಿಸೆಂಬರ್ ರಜೆಗೆ ರಾಜಸ್ಥಾನಕ್ಕೆ ಹೊರಟಿದ್ದೀರಾ? ಜೈಸಲ್ಮೇರ್ ಹತ್ತಿರದ ಡೆಸರ್ಟ್ ನ್ಯಾಷನಲ್ ಪಾರ್ಕ್ ನೋಡಿಕೊಂಡು, ಮರಳಲ್ಲೊಂದು ರಾತ್ರಿ ಟೆಂಟಿನಲ್ಲಿದ್ದು ಬರೋಣ ಅಂತ ಲೆಕ್ಕ ಹಾಕಿದ್ದೀರಾ? ನಾವೂ ಹಾಗೇ ಹೋಗಿದ್ದೆವು, ಕಳೆದ ಡಿಸೆಂಬರ್ ಕೊನೆಯ ವಾರ. ದುಡ್ಡು ಹೋಯಿತು, ನೋಡಬೇಕಾದ್ದನ್ನು ನೋಡಲಿಲ್ಲ. ಅದು ಹಾಳಾಗಲಿ ಬಿಡಿ. ಆ ರಾತ್ರಿ ಟೆಂಟಿನೊಳಗೆ ನಮ್ಮ ನಾಲ್ವರ ಜೀವಕ್ಕೇ ಸಂಚಕಾರ ಬಂದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಹೋಗಿದ್ದು ಅಪ್ಪನಿಗೋಸ್ಕರ. ಅಪ್ಪನ ಊರು ಸಿರುಗುಪ್ಪ ತಾಲ್ಲೂಕು. ಅವರು ಹುಡುಗರಾಗಿದ್ದಾಗ ನಮ್ಮ ಎರೆ ಹೊಲದಲ್ಲಿ ಎರೆಭೂತ ಓಡಾಡುತ್ತಿತ್ತಂತೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತಾರಲ್ಲ, ಅದೇ ಹಕ್ಕಿ. ಸುಮಾರು ಒಂದು ಮೀಟರ್ ಎತ್ತರ, ಗಂಡಾದರೆ 15 ಕಿಲೋವರೆಗೂ ತೂಗುತ್ತದೆ. "ಕಡಲಿ ಹೊಲದಾಗ ಕತ್ತೆತ್ತಿ ನಿಂತ್ರ, ಯಾವ್ದೋ ಹುಡುಗ ಕಳ್ಳತನಕ್ಕ ಬಂದಾನ ಅನ್ನಿಸ್ತಿತ್ತು" ಅಂತ ಅಪ್ಪ ನೂರು ಸಲ ಹೇಳಿದ್ದಾರೆ. ಆಮೇಲೆ ಕಾಲುವೆ ನೀರು ಬಂತು, ಭತ್ತ ಬಂತು. ಸಿರುಗುಪ್ಪದ ಕಡೆ ಈಗ ಅದು ಕಾಣಿಸಿತು ಅಂದರೆ ಪೇಪರಿನಲ್ಲಿ ಸುದ್ದಿ. ದೇಶದಲ್ಲಿ ಉಳಿದಿರುವುದೇ 150ರ ಆಸುಪಾಸು, ಅದರಲ್ಲಿ ಹೆಚ್ಚಿನವು ಜೈಸಲ್ಮೇರ್ ಜಿಲ್ಲೆಯಲ್ಲಿ. ಅಪ್ಪನಿಗೆ 73. ಇನ್ನು ಮುಂದೂಡುವುದು ಬೇಡ ಅಂತ ಹುಬ್ಬಳ್ಳಿಯಿಂದ ಜೋಧಪುರದ ರೈಲಿಗೆ ಟಿಕೆಟ್ ಮಾಡಿಸಿದೆ.

ತಪ್ಪು ಶುರುವಾಗಿದ್ದು ನನ್ನಿಂದಲೇ. ಫೋನಿನಲ್ಲಿ ಜಾಹೀರಾತು ನೋಡಿ, ವಾಟ್ಸಾಪಿನಲ್ಲಿ ಮಾತಾಡಿ ಬುಕ್ ಮಾಡಿದೆ. ಒಬ್ಬರಿಗೆ 3,200 ರೂಪಾಯಿ, ಮಗಳಿಗೆ ಅರ್ಧ. ಸ್ವಿಸ್ ಟೆಂಟ್, ಊಟ, ತಿಂಡಿ, ಒಂಟೆ ಸವಾರಿ, ಅದರ ಜೊತೆ "ನ್ಯಾಷನಲ್ ಪಾರ್ಕ್ ಜೀಪ್ ಸಫಾರಿ". ಹಕ್ಕಿ ಸಿಗುತ್ತಾ ಅಂತ ಕೇಳಿದೆ. "ಗ್ಯಾರಂಟಿ ಸರ್‌ಜಿ, ಮರಿ ಮಾಡಿಸುವ ಸೆಂಟರನ್ನೂ ತೋರಿಸುತ್ತೇವೆ" ಅಂದ. ಒಟ್ಟು 11,200ಕ್ಕೆ ಅರ್ಧ ಮುಂಗಡ, 5,600, ಆಗಲೇ ಕಳಿಸಿದೆ. ಕಾಡುಪ್ರಾಣಿಯನ್ನು ಗ್ಯಾರಂಟಿ ಕೊಡುವವನ ಮಾತು ಕೇಳಿದಾಗಲೇ ಎಚ್ಚರ ಆಗಬೇಕಿತ್ತು. ಬಂಡೀಪುರದಲ್ಲಿ ಹುಲಿ ಗ್ಯಾರಂಟಿ ಅಂದಿದ್ದರೆ ನಾನು ನಗುತ್ತಿದ್ದೆ. ಊರು ದೂರವಾದರೆ ಬುದ್ಧಿಯೂ ದೂರವಾಗುತ್ತೆ ಅನಿಸುತ್ತೆ.

ಜೈಸಲ್ಮೇರಿನಿಂದ ಈ ಟೆಂಟುಗಳಿರುವ ಸಮ್ ಹಳ್ಳಿಗೆ ನಲವತ್ತು ಕಿಲೋಮೀಟರ್ ಆಚೀಚೆ. ಆ ದಾರಿಯಲ್ಲೇ ಬೈಕಿನ ಹುಡುಗರು ಕಾರಿಗೆ ಅಂಟಿಕೊಳ್ಳುತ್ತಾರೆ. ಕಿಟಕಿ ಪಕ್ಕ ಬಂದು, ಎಲ್ಲಿ ಬುಕಿಂಗ್, ಎಷ್ಟಕ್ಕೆ, ಆ ಕ್ಯಾಂಪ್ ಮುಚ್ಚಿದೆ, ನಮ್ಮ ಹತ್ತಿರ ಬನ್ನಿ, ಹೀಗೇ ಕೊನೆಯಿಲ್ಲ. ಅಲ್ಲಿಯವರು ಇವರನ್ನು ಲಪಕಾ ಅಂತಾರೆ. ಇವರ ಮಾತಿಗೆ ಗಾಡಿ ನಿಲ್ಲಿಸಬೇಡಿ. ನಾವು ನಿಲ್ಲಿಸಲಿಲ್ಲ. ಆದರೆ ನಮ್ಮ ಕ್ಯಾಂಪಿಗೆ ಹೋದರೆ ಅಲ್ಲೂ ಅದೇ ಪಾಠ. "ನಿಮ್ಮ ಟೆಂಟ್ ಫುಲ್ ಆಗಿದೆ, ಪಕ್ಕದ್ದೂ ನಮ್ಮದೇ" ಅಂತ ಇನ್ನೊಂದು ಕಡೆ ಕಳಿಸಿದರು. ಫೋಟೊದಲ್ಲಿದ್ದ ಟೆಂಟಿಗೆ ಇಟ್ಟಿಗೆ ಕಟ್ಟೆ, ಮರದ ಬಾಗಿಲು. ನಮಗೆ ಸಿಕ್ಕಿದ್ದು ಬರೀ ಬಟ್ಟೆ, ಜಿಪ್. ನೆಲಕ್ಕೂ ಬಟ್ಟೆಗೂ ನಡುವೆ ನಾಲ್ಕು ಬೆರಳು ಸಂದು. ಹಾಸಿಗೆ ಮೇಲೆ ಕೈಯಾಡಿಸಿದರೆ ಸಣ್ಣ ರವೆ ಚೆಲ್ಲಿದ ಹಾಗೆ ಮರಳು.

ಸಫಾರಿ ಅಂತ ನಾಲ್ಕು ಗಂಟೆಗೆ ಜೀಪು ಬಂತು. ಹತ್ತುವ ಮುಂಚೆ "ಸೀಸನ್ ಚಾರ್ಜ್" 1,500 ಬೇರೆ. ಹಾಡು ಜೋರಾಗಿ ಹಾಕಿ ದಿಬ್ಬ ಹತ್ತಿಸಿ ಇಳಿಸಿ, ಇಪ್ಪತ್ತೈದೇ ನಿಮಿಷಕ್ಕೆ ವಾಪಸ್. ಅಪ್ಪ ಸೊಂಟ ಹಿಡಿದುಕೊಂಡು ಇಳಿದರು. ಪಾರ್ಕ್ ಎಲ್ಲಪ್ಪಾ ಅಂತ ಕೇಳಿದರೆ ಡ್ರೈವರ್ ಸುತ್ತ ಕೈ ತೋರಿಸಿ "ಯಹೀ ಹೈ ಸರ್, ಸಬ್ ಪಾರ್ಕ್ ಹೀ ಹೈ" ಅಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಜನ ಮೋಸ ಹೋಗುವುದು ಇಲ್ಲೇ. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಈ ಪಾರ್ಕ್ 3,162 ಚದರ ಕಿಲೋಮೀಟರ್, ಜೈಸಲ್ಮೇರ್, ಬಾರ್ಮೇರ್ ಎರಡೂ ಜಿಲ್ಲೆಗೆ ಹರಡಿಕೊಂಡಿದೆ. ಹೆಸರಿಗೆ ನ್ಯಾಷನಲ್ ಪಾರ್ಕ್. 1980ರಲ್ಲಿ ಸರ್ಕಾರ ಘೋಷಿಸಿದ್ದು ವನ್ಯಜೀವಿಧಾಮ ಅಂತ. ಒಳಗೆ ಹಳ್ಳಿಗಳಿವೆ, ಡಾಂಬರು ರಸ್ತೆಯಿದೆ, ಕುರಿ ಮೇಯುತ್ತವೆ. ನಮ್ಮ ನಾಗರಹೊಳೆ ತರ ಗೇಟು, ಕೌಂಟರು, ಇಲಾಖೆ ಬಸ್ಸು ಅಂದುಕೊಂಡು ಹೋದರೆ ಏನೂ ಸಿಗುವುದಿಲ್ಲ. ಹಾಗಾಗಿ ಯಾವ ಮರಳ ದಿಬ್ಬ ತೋರಿಸಿದರೂ ಪಾರ್ಕ್ ತೋರಿಸಿದೆ ಅನ್ನಬಹುದು. ಆದರೆ ಎರೆಭೂತಕ್ಕೆ ಬೇಕಾದ್ದು ದಿಬ್ಬ ಅಲ್ಲ, ಹುಲ್ಲುಗಾವಲು. ಅಲ್ಲಿ ಸೇವಣ್ ಅನ್ನುವ ಹುಲ್ಲು ಮೊಣಕಾಲೆತ್ತರ ಪೊದೆಪೊದೆಯಾಗಿ ಬೆಳೆಯುತ್ತದೆ, ಅದರ ನಡುವೆ ಹಕ್ಕಿ ಮೇಯುವುದು. ನೂರು ಜೀಪು ಕಿರುಚಾಡುವ ಮರಳ ಮೇಲೆ ಅದಕ್ಕೇನು ಕೆಲಸ? ಇನ್ನು ಆ ಮರಿ ಸೆಂಟರ್. ಕಾಡಿನಿಂದ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರ 2019ರಿಂದ ಸಮ್‌ನಲ್ಲಿರುವುದು ನಿಜ. ನಮ್ಮಂಥ ಪ್ರವಾಸಿಗರನ್ನು ಬಿಡುವುದಿಲ್ಲ ಅನ್ನುವುದೂ ನಿಜ.

ಈಗ ರಾತ್ರಿಯ ವಿಷಯ.

ಮಧ್ಯಾಹ್ನ 24 ಡಿಗ್ರಿ ಇತ್ತು, ನಾನು ಅರ್ಧ ತೋಳಿನ ಅಂಗಿಯಲ್ಲಿದ್ದೆ. ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗಿದ. ಮುಳುಗಿದ್ದೇ ತಡ, ಯಾರೋ ಬಾಗಿಲು ತೆಗೆದ ಹಾಗೆ ಚಳಿ ನುಗ್ಗಿತು. ಒಣ ಗಾಳಿ, ಮೋಡವಿಲ್ಲದ ಆಕಾಶ, ಮರಳು ಹಗಲಿನ ಕಾವನ್ನೆಲ್ಲ ಬೇಗ ಬಿಟ್ಟುಬಿಡುತ್ತೆ. ನಮ್ಮ ಹುಬ್ಬಳ್ಳಿ ಚಳಿಗೆ ತಂದ ಸ್ವೆಟರು ಅಲ್ಲಿ ಲೆಕ್ಕಕ್ಕೇ ಇಲ್ಲ. ಬೆಳಗಿನ ಜಾವ ಫೋನು 6 ಡಿಗ್ರಿ ತೋರಿಸುತ್ತಿತ್ತು. ರಜಾಯಿ ತಲಾ ಒಂದೇ. ಇನ್ನೊಂದು ಕೇಳಿದರೆ ಮುಗಿದಿದೆ ಅಂದರು. ಅಪ್ಪನಿಗೆ ದಮ್ಮು ಶುರುವಾಯಿತು.

ಹತ್ತು ಗಂಟೆಗೆ ಕ್ಯಾಂಪಿನ ಹುಡುಗ ಒಂದು ಅಗ್ಗಿಷ್ಟಿಕೆ ಹೊತ್ತು ತಂದ. ಹಳೇ ಎಣ್ಣೆ ಡಬ್ಬ ಕತ್ತರಿಸಿ ಮಾಡಿದ್ದು, ಅದರ ತುಂಬ ಕೆಂಡವಾದ ಇದ್ದಿಲು. 300 ರೂಪಾಯಿ ತಗೊಂಡು ಮಂಚದ ಪಕ್ಕ ಇಟ್ಟ. ಸಂದುಗಳಿಗೆಲ್ಲ ದಪ್ಪ ಗೋಣಿ ತುರುಕಿ, "ಜಿಪ್ ಪೂರ್ತಿ ಹಾಕಿಕೊಳ್ಳಿ, ಬಿಸಿ ಹೊರಗೆ ಹೋಗಬಾರದು" ಅಂತ ಹೇಳಿ ಹೋದ. ಪಾಪದ ಹುಡುಗ, ಒಳ್ಳೆಯದಕ್ಕೇ ಹೇಳಿದ. ನಮಗೂ ಹಾಯೆನಿಸಿತು. ಹೊಗೆಯಿಲ್ಲ, ವಾಸನೆಯಿಲ್ಲ, ಕೆಂಪಗೆ ಹೊಳೆಯುತ್ತಿದೆ, ಅಪ್ಪನ ದಮ್ಮು ಕೂಡ ಕಮ್ಮಿಯಾದ ಹಾಗಿತ್ತು. ನಾನು ಅದರ ಫೋಟೊ ಬೇರೆ ತೆಗೆದೆ.

ಒಂದೂವರೆಗೆ ಮಗಳು ಎದ್ದು ವಾಂತಿ ಮಾಡಿಕೊಂಡಳು. ಊಟ ಸರಿಹೋಗಲಿಲ್ಲ ಅಂದುಕೊಂಡೆ. ಹೆಂಡತಿ ತಲೆ ಸಿಡಿಯುತ್ತಿದೆ ಅಂದಳು. ನಾನು ಮಗಳನ್ನು ಎತ್ತಿಕೊಳ್ಳೋಣ ಅಂತ ಎದ್ದರೆ ಕಾಲು ನನ್ನದಲ್ಲ ಅನ್ನಿಸಿತು, ಮಂಡಿಯೂರಿ ಕೂತುಬಿಟ್ಟೆ. ಮಲಗಿಬಿಡೋಣ ಅನ್ನುವಂಥ ಮಂಪರು. ಅಪ್ಪನನ್ನು ಅಲುಗಾಡಿಸಿದರೆ ಎರಡು ಸಲಕ್ಕೆ ಏಳಲಿಲ್ಲ. ಹೆಂಡತಿಗೆ ಅದೇನು ಹೊಳೆಯಿತೋ, ತೆವಳಿಕೊಂಡು ಹೋಗಿ ಜಿಪ್ ಕಿತ್ತು ಹಾಕಿದಳು. ಆ ತಣ್ಣನೆ ಗಾಳಿ ಮುಖಕ್ಕೆ ಹೊಡೆದಿದ್ದು ನನಗೆ ಇವತ್ತಿಗೂ ನೆನಪಿದೆ. ಅಪ್ಪನನ್ನು ಎಳೆದುಕೊಂಡು ಹೋಗಿ ಕಾರಿನಲ್ಲಿ ಕೂರಿಸಿ, ಕಿಟಕಿ ಇಳಿಸಿ, ಬೆಳಗಾಗುವವರೆಗೂ ನಾಲ್ಕು ಜನ ಅಲ್ಲೇ ನಡುಗುತ್ತಾ ಕೂತೆವು. ಜೈಸಲ್ಮೇರಿನ ಆಸ್ಪತ್ರೆಗೆ ಆಗಲೇ ಹೊರಡಬೇಕಿತ್ತು. ತಲೆ ಓಡಲಿಲ್ಲ. ಬೆಳಗ್ಗೆ ಬಳ್ಳಾರಿಯಲ್ಲಿರುವ ಡಾಕ್ಟರ್ ಭಾವನಿಗೆ ಫೋನ್ ಮಾಡಿದರೆ ಮೊದಲು ಅದಕ್ಕೇ ಬೈದರು.

ಇದ್ದಿಲು ಗಾಳಿಯಾಡದ ಕಡೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂತುಬಿಡುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಏಳುವುದೇ ಇಲ್ಲ. ಉತ್ತರ ಭಾರತದಲ್ಲಿ ಚಳಿಗಾಲ ಬಂತೆಂದರೆ ಹೀಗೆ ಸತ್ತವರ ಸುದ್ದಿ ಬರುತ್ತಲೇ ಇರುತ್ತದೆ. ನಾವು ಓದಿ ಪುಟ ತಿರುವುತ್ತೇವೆ, ನಮಗೇನು ಅಂತ. ಹೊಗೆ ಇಲ್ಲ ಅಂದರೆ ಭಯವಿಲ್ಲ ಅಂದುಕೊಳ್ಳಬೇಡಿ. ಕೆಂಡ ಟೆಂಟಿನ ಹೊರಗಿರಬೇಕು. ಮಲಗುವಾಗ ಒಳಗೆ ಬೇಡವೇ ಬೇಡ, ಯಾರು ಎಷ್ಟೇ ಪ್ರೀತಿಯಿಂದ ತಂದಿಟ್ಟರೂ. ಬಿಸಿನೀರಿನ ರಬ್ಬರ್ ಚೀಲ, ಉಣ್ಣೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಒಳಗೆ ಹಾಕುವ ಥರ್ಮಲ್ ಬಟ್ಟೆ ಮನೆಯಿಂದಲೇ ತಗೊಂಡು ಹೋಗಿ. ವಯಸ್ಸಾದವರು, ದಮ್ಮಿನವರು ಜೊತೆಗಿದ್ದರೆ ನನ್ನ ಮಟ್ಟಿಗೆ ಟೆಂಟೇ ಬೇಡ. ಜೈಸಲ್ಮೇರ್ ಪೇಟೆಯಲ್ಲಿ ಗೋಡೆ ಇರುವ ರೂಮಿನಲ್ಲಿ ಮಲಗಿ, ಬೆಳಗ್ಗೆ ಹೊರಟರೆ ಸಾಕು. ಬೆಳಗ್ಗೆ ಅಂದರೂ ಗಡಿಬಿಡಿಯಿಲ್ಲ, ದೇಶದ ಪಶ್ಚಿಮದ ತುದಿ ಅದು. ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ ಏಳೂಕಾಲು ದಾಟಿದ ಮೇಲೆ.

ಮರುದಿನ ಅಪ್ಪ ಸುಧಾರಿಸಿಕೊಂಡ ಮೇಲೆ, ಬೇರೆ ಒಬ್ಬ ಹಳ್ಳಿಯವನ ಗಾಡಿ ಮಾಡಿಕೊಂಡು ಸುದಾಸರಿ ಕಡೆ ಹೋದೆವು. ಹಕ್ಕಿಗೆಂದು ಬೇಲಿ ಹಾಕಿ ಕಾಪಾಡಿರುವ ಹುಲ್ಲುಗಾವಲು ಅದು. ಚೌಕಿಯ ಗಾರ್ಡು ಸಮಾಧಾನವಾಗಿಯೇ ಹೇಳಿದ, ಜೈಸಲ್ಮೇರಿನ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಕೊಂಡು ಬರಬೇಕಿತ್ತು ಅಂತ. ಅವತ್ತು ಭಾನುವಾರ. ಸಂಜೆ ನಮ್ಮ ರೈಲು. ಅವನ ತಪ್ಪೇನಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿಯ ಹತ್ತಿರ ಕಂಡಕಂಡವರನ್ನು ಬಿಡಬಾರದು, ಸರಿಯಾಗೇ ಇದೆ. ಮುಚ್ಚಿದ ಜಾಗವನ್ನು ಪ್ಯಾಕೇಜಿನಲ್ಲಿ ಮಾರುವವನ ಮೇಲೆ ನನ್ನ ಸಿಟ್ಟು. ನೀವು ಹೋಗುವುದಾದರೆ ಮೊದಲು ಆ ಕಚೇರಿಗೇ ಹೋಗಿ, ಯಾವ ಜಾಗ ತೆರೆದಿದೆ ಕೇಳಿ, ಆಮೇಲೆ ಗಾಡಿ ಮಾತಾಡಿ. ಕೆಲಸದ ದಿನ ಒಂದಾದರೂ ಕೈಯಲ್ಲಿರಲಿ. ವಿದೇಶಿ ಪಾಸ್‌ಪೋರ್ಟಿನ ನೆಂಟರು ಜೊತೆಗಿದ್ದರೆ ಗಡಿ ಕಡೆಯ ಜಾಗಗಳಿಗೆ ಬೇರೆ ಅನುಮತಿ ಬೇಕಾಗುತ್ತೆ, ಅದನ್ನೂ ವಿಚಾರಿಸಿ.

ವಾಪಸ್ ಬರುವಾಗ ಚಿಂಕಾರ ಅನ್ನುವ ಸಣ್ಣ ಹುಲ್ಲೆಗಳು ಕಂಡವು, ಮೂರು. ಮಗಳಿಗೆ ಅಷ್ಟೇ ಖುಷಿ. ಅಪ್ಪ ನೋಡುತ್ತಿದ್ದುದು ಮೇಲೆ. ದೊಡ್ಡ ವಿದ್ಯುತ್ ತಂತಿಗಳಿಗೆ ಅಲ್ಲಲ್ಲಿ ತಟ್ಟೆಯಂಥದ್ದು ನೇತುಹಾಕಿದ್ದರು, ಬಿಸಿಲಿಗೆ ಮಿಣಮಿಣ ತಿರುಗುತ್ತಿದ್ದವು. ಅದೇನಪ್ಪಾ ಅಂತ ಕೇಳಿದರು. "ಗೋಡಾವಣ್ ಕೆ ಲಿಯೇ, ಬಾಬೂಜಿ" ಅಂದ ಡ್ರೈವರ್. ಎರೆಭೂತಕ್ಕೆ ಅಲ್ಲಿ ಗೋಡಾವಣ್ ಅನ್ನುತ್ತಾರೆ. ಅದಕ್ಕೆ ಅಕ್ಕಪಕ್ಕ ಚೆನ್ನಾಗಿ ಕಾಣುತ್ತದಂತೆ, ನೇರ ಎದುರಿನದು ಅಷ್ಟಾಗಿ ಕಾಣುವುದಿಲ್ಲ. ಮೈಯೂ ಭಾರ, ಹಾರುತ್ತಾ ತಂತಿ ಹತ್ತಿರ ಬಂದ ಮೇಲೆ ತಿರುಗಿಸಿಕೊಳ್ಳಲು ಆಗದೆ ಬಡಿದು ಸಾಯುತ್ತದೆ. ತಂತಿ ದೂರದಿಂದಲೇ ಕಾಣಲಿ ಅಂತ ಆ ತಟ್ಟೆ. ತಂತಿಗಳನ್ನು ನೆಲದಡಿ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, 2024ರಲ್ಲಿ ಅದನ್ನು ಸಡಿಲಿಸಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಡೆ ನೀರು, ಇವರ ಕಡೆ ಕರೆಂಟು" ಅಂದರು.

ದುಡ್ಡಿನ ಕಥೆ ಕೇಳುವವರಿಗೆ: ಬಾಕಿ 5,600 ಕೊಡದೆ ಬರಬೇಕು ಅಂದುಕೊಂಡಿದ್ದೆ, ಹಿಂದಿನ ದಿನ ಊಟಕ್ಕೆ ಕೂರುವ ಮುಂಚೆಯೇ ವಸೂಲಿ ಮಾಡಿದ್ದರು. ಊರಿಗೆ ಬಂದು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಚಾಟ್, ರಸೀದಿ, ಫೋಟೊ ಎಲ್ಲ ಇಟ್ಟುಕೊಂಡಿದ್ದರಿಂದ ದೂರು ದಾಖಲಾಗಿ ನಂಬರ್ ಸಿಕ್ಕಿದೆ. ದುಡ್ಡು ಸಿಕ್ಕಿಲ್ಲ.

ಮೊನ್ನೆ ಆ ಮನುಷ್ಯನ ನಂಬರಿನಿಂದ ಮತ್ತೆ ಮೆಸೇಜ್ ಬಂತು. "ವಿಂಟರ್ ಸ್ಪೆಷಲ್, ನ್ಯಾಷನಲ್ ಪಾರ್ಕ್ ಸಫಾರಿ ಉಚಿತ." ಅದೇ ಇಟ್ಟಿಗೆ ಕಟ್ಟೆಯ ಟೆಂಟ್, ಅದೇ ಮರದ ಬಾಗಿಲು. ಬಾಗಿಲ ಪಕ್ಕ ಈ ಸಲ ಒಂದು ಅಗ್ಗಿಷ್ಟಿಕೆಯ ಫೋಟೊ ಸೇರಿಸಿದ್ದಾನೆ. ನೋಡಿದರೆ ನಾನೇ ತೆಗೆದು, ಚೆನ್ನಾಗಿದೆ ಅಂತ ಆ ರಾತ್ರಿ ಅವನಿಗೆ ಕಳಿಸಿದ್ದ ಫೋಟೊ.